60 ಇಲಿ ಕೇಳಿದ್ದೆ, 28 ಸಾಕಾಯಿತು

ನನ್ನ ಪಿಎಚ್‌ಡಿ ನಡೆದದ್ದು ಬೆಂಗಳೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ. ವಿಷಯ, ನೇರಳೆ ಬೀಜ ಮತ್ತು ಸಕ್ಕರೆ ಕಾಯಿಲೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಬೇಕಾದರೆ ಮೊದಲು ಫಾರ್ಮ್ ಬಿ ತುಂಬಿ ಕಾಲೇಜಿನ ಎಥಿಕ್ಸ್ ಕಮಿಟಿಗೆ ಕೊಡಬೇಕು. ಸೀನಿಯರ್ ಒಬ್ಬರ ಹಳೆಯ ಫಾರ್ಮ್ ಎದುರಿಗಿಟ್ಟುಕೊಂಡು ಒಂದೇ ಸಂಜೆಯಲ್ಲಿ ತುಂಬಿಬಿಟ್ಟೆ. 6 ಗುಂಪು, ಗುಂಪಿಗೆ 10, ಒಟ್ಟು 60 ವಿಸ್ಟಾರ್ ತಳಿಯ ಇಲಿ. 10 ಯಾಕೆ ಅಂತ ಯೋಚಿಸಲೇ ಇಲ್ಲ. ಅವರ ಫಾರ್ಮಿನಲ್ಲಿ 10 ಇತ್ತು, ನಾನೂ ಬರೆದೆ.

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯಡಿ ಕೇಂದ್ರದಲ್ಲಿ ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಸಿಸಿಎಸ್‌ಇಎ ಎಂಬ ಸಮಿತಿ ಇದೆ. ಹಳಬರು ಈಗಲೂ ಸಿಪಿಸಿಎಸ್‌ಇಎ ಅಂತಲೇ ಕರೆಯುತ್ತಾರೆ. ಕಾಲೇಜಿನ ಕಮಿಟಿಯಲ್ಲಿ ನಮ್ಮ ವಿಜ್ಞಾನಿಗಳು, ಪಶುವೈದ್ಯರ ಜೊತೆಗೆ ಆ ಸಮಿತಿ ನೇಮಿಸಿದವರೂ ಇರುತ್ತಾರೆ. ಅವರಲ್ಲಿ ಒಬ್ಬರು ವಿಜ್ಞಾನಿ ಅಲ್ಲದವರು ಇರಬೇಕು. ನಮ್ಮಲ್ಲಿ ಆ ಜಾಗದಲ್ಲಿ ನಿವೃತ್ತ ಹೈಸ್ಕೂಲ್ ಮೇಡಂ ಇದ್ದರು.

ಅವರು ಕೇಳಿದರು, 'ನೇರಳೆ ಬೀಜದ ಪುಡಿ ನಮ್ಮಜ್ಜಿ ಕಾಲದಿಂದ ಇದೆ. ಇಲಿಗೆ ಕೊಟ್ಟು ನೋಡಿದವರೂ ಬೇಕಾದಷ್ಟು ಜನ ಇದ್ದಾರಲ್ವಾ? ನೀವು ಹೊಸದಾಗಿ ಏನು ತಿಳ್ಕೊಳ್ಳೋಕೆ ಹೊರಟಿದ್ದೀರಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಶುವೈದ್ಯರದ್ದು ಇನ್ನೊಂದು ಪ್ರಶ್ನೆ: 'ಇಲಿ ತೀರಾ ಸೊರಗಿದರೆ ಯಾವಾಗ ನಿಲ್ಲಿಸ್ತೀರಿ?' ಆ ಜಾಗದಲ್ಲಿ 'ಅಗತ್ಯ ಬಿದ್ದಾಗ' ಅಂತ ಬರೆದಿದ್ದೆ. ಫಾರ್ಮ್ ವಾಪಸ್ ಬಂತು.

ಆಮೇಲೆ ಮೂರು ತಿಂಗಳು ಇಲಿಯನ್ನೇ ಮುಟ್ಟಲಿಲ್ಲ. ಬೀಜದ ಸಾರವನ್ನು ನಾಲ್ಕು ಭಾಗ ಮಾಡಿ, ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವವನ್ನು ಯಾವುದು ತಡೆಯುತ್ತದೆ ಅಂತ ಗಾಜಿನ ಕೊಳವೆಯಲ್ಲೇ ನೋಡಿದೆ. ಮೂರು ಭಾಗ ಅಲ್ಲೇ ಬಿದ್ದುಹೋದವು. ಮೊದಲ ಫಾರ್ಮ್ ಪಾಸಾಗಿದ್ದರೆ ಆ ಮೂರೂ ಭಾಗ ಇಲಿಯ ಹೊಟ್ಟೆಗೆ ಹೋಗುತ್ತಿದ್ದವು.

ಸಂಖ್ಯೆಗೂ ಒಂದು ಸುಲಭ ಲೆಕ್ಕ ಕಲಿತೆ. ಒಟ್ಟು ಪ್ರಾಣಿಗಳಲ್ಲಿ ಗುಂಪುಗಳನ್ನು ಕಳೆದರೆ ಉತ್ತರ 10ರಿಂದ 20ರ ಒಳಗಿರಬೇಕು. ನನ್ನ ಮೊದಲ ಫಾರ್ಮಿನಲ್ಲಿ ಅದು 54. ಈಗ 5 ಗುಂಪು, ಗುಂಪಿಗೆ 5. ಒಟ್ಟು 25, ಕಳೆದರೆ 20. ಇಲಿಗೆ ಸಕ್ಕರೆ ಕಾಯಿಲೆ ತರಿಸಲು ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚುತ್ತೇವೆ. ಚುಚ್ಚಿದರೂ ಕೆಲವು ಇಲಿಗಳಿಗೆ ಸಕ್ಕರೆ ಏರುವುದಿಲ್ಲ. ಅದಕ್ಕೆ 3 ಜಾಸ್ತಿ, ಒಟ್ಟು 28 ಕೇಳಿದೆ. ಕಾರಣ ಬರೆದೇ ಕೇಳಿದೆ.

ಯಾವಾಗ ನಿಲ್ಲಿಸುವುದು ಅನ್ನುವುದಕ್ಕೂ ಅಳತೆ ಬರೆದೆ. ಶುರುವಿನ ತೂಕದಲ್ಲಿ 20 ಪರ್ಸೆಂಟ್ ಇಳಿದರೆ ಆ ಇಲಿಯ ಪ್ರಯೋಗ ಅಲ್ಲಿಗೆ ಮುಗಿಯಿತು. ಈ ಸಲ ಒಪ್ಪಿಗೆ ಸಿಕ್ಕಿತು.

ಕೆಲಸ ಶುರುವಾದ ಮೇಲಿನ ವಿಷಯ ಹೊಸಬರಿಗಾಗಿ ಹೇಳುತ್ತೇನೆ. ನೋಂದಾಯಿತ ಕಡೆಯಿಂದಲೇ ಇಲಿ ತರಬೇಕು. ತಂದ ಮೇಲೆ ಒಂದು ವಾರವಾದರೂ ಬೇರೆ ಇಡಬೇಕು. ದೀಪಾವಳಿ ವಾರ ಬಿಟ್ಟು ದಿನ ಇಟ್ಟುಕೊಂಡೆ. ನಮಗೆ ಕೇಳದ ಸದ್ದೂ ಇಲಿಗೆ ಕೇಳುತ್ತದೆ, ಇನ್ನು ಲೇಔಟಿನ ಪಟಾಕಿ ಕೇಳಬೇಕೇ? ಸ್ಟ್ರೆಪ್ಟೊಜೊಟೊಸಿನ್ ಕೊಟ್ಟ ಮೊದಲ ದಿನ ಸಕ್ಕರೆ ಒಮ್ಮೆಲೇ ಕುಸಿದು ಇಲಿ ಸಾಯಬಹುದು. ಆ ರಾತ್ರಿ ಕುಡಿಯಲು ಗ್ಲೂಕೋಸ್ ನೀರು ಇಡಲೇಬೇಕು. ಆಮೇಲೆ ಅವು ವಿಪರೀತ ನೀರು ಕುಡಿಯುತ್ತವೆ, ಉಚ್ಚೆಯೂ ಅಷ್ಟೇ. ಪಂಜರದಲ್ಲಿ ಹಾಸಿದ ಭತ್ತದ ಹೊಟ್ಟನ್ನು ದಿನಾ ಬದಲಿಸಬೇಕು. ಭಾನುವಾರವೂ.

ಮೂರನೇ ವಾರದ ಒಂದು ಭಾನುವಾರ, ಔಷಧಿ ಕೊಡದ ಗುಂಪಿನ ಒಂದು ಇಲಿ ತಕ್ಕಡಿಯಲ್ಲಿ 168 ಗ್ರಾಂ ತೋರಿಸಿತು. ಶುರುವಿನಲ್ಲಿ 212 ಇತ್ತು. ಮತ್ತೆ ತೂಗಿದೆ, ಅದೇ 168. ಇನ್ನು ಒಂದೇ ವಾರ ಉಳಿದಿತ್ತು. ಉಳಿದರೂ ಉಳಿಯಬಹುದು ಅಂತ ಮನಸ್ಸು ಹೇಳುತ್ತಿತ್ತು. ಕೂದಲು ಕೆದರಿ, ಮೂಲೆಯಲ್ಲಿ ಮುದುಡಿ ಕೂತಿದ್ದ ಅದನ್ನು ನೋಡಿದೆ. ಗೆರೆ ನಾನೇ ಎಳೆದಿದ್ದೆ, ಅದೂ ನನಗೆ ಯಾವ ಆಸೆಯೂ ಇಲ್ಲದ ದಿನ. ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಬಂದು ಅರಿವಳಿಕೆ ಹೆಚ್ಚಿಗೆ ಕೊಟ್ಟು ಶಾಶ್ವತವಾಗಿ ಮಲಗಿಸಿದರು. ಪ್ರಯೋಗದ ದಾಖಲೆ ಇಡುವ ಫಾರ್ಮ್ ಡಿಯಲ್ಲಿ ದಿನಾಂಕ, ತೂಕ, ಕಾರಣ ಬರೆದೆ. ಗುಂಪುಗಳ 25ರಲ್ಲಿ ಉಳಿದದ್ದು 24, ಅದರಲ್ಲಿ 5 ಕಳೆದರೆ 19. ಲೆಕ್ಕ ಕೆಡಲಿಲ್ಲ.

28 ದಿನ ಮುಗಿದಾಗ ಇನ್ನೆರಡು ವಾರ ಮುಂದುವರಿಸಿದರೆ ಫಲಿತಾಂಶ ಚೆನ್ನಾಗಿ ಕಾಣುತ್ತೆ ಅನ್ನಿಸಿತು. ಸುಮ್ನೆ ಮುಂದುವರಿಸುವಂತಿಲ್ಲ. ಒಪ್ಪಿಗೆ 28 ದಿನಕ್ಕೆ. 29ನೇ ದಿನ ಬೇಕಾದರೆ ಮತ್ತೆ ಕಮಿಟಿ ಮುಂದೆ ಹೋಗಬೇಕು. ನಾನು ನಿಲ್ಲಿಸಿದೆ.

ಈಗ ವಿದ್ಯಾರ್ಥಿಗಳು ತಮ್ಮ ಫಾರ್ಮ್ ಬಿ ತಂದು ನನಗೆ ತೋರಿಸುತ್ತಾರೆ. ಯಾವಾಗ ನಿಲ್ಲಿಸುತ್ತೀರಿ ಅನ್ನುವ ಜಾಗವನ್ನೇ ಮೊದಲು ನೋಡುತ್ತೇನೆ. ಅಲ್ಲಿ ಅಳತೆ ಇಲ್ಲದಿದ್ದರೆ ಮುಂದೆ ಓದುವುದಿಲ್ಲ. ಪ್ರಾಣಿ ಮನೆಗೆ ಹೋಗಿ, ಒಂದು ವಾರ ದಿನಾ ಬೆಳಿಗ್ಗೆ ಆರೋಗ್ಯವಾಗಿರುವ ಇಲಿಗಳನ್ನು ತೂಗಿ ಬನ್ನಿ ಅನ್ನುತ್ತೇನೆ.