ಆರ್‌ಪಿಎಂ ರೆಪೊಸಿಟರಿಯ ಮೆಟಾಡೇಟಾವನ್ನು ನಾನು ಯಾವಾಗ ಮರುರಚಿಸುತ್ತೇನೆ

ನಮ್ಮ ಸರ್ವರ್‌ಗಳಿಗೆ ಬೇಕಾದ ಆರ್‌ಪಿಎಂ ಪ್ಯಾಕೇಜ್‌ಗಳನ್ನು (ಲಿನಕ್ಸ್‌ನಲ್ಲಿ ತಂತ್ರಾಂಶ ಅಳವಡಿಸಲು ಬಳಸುವ ಕಡತಗಳನ್ನು) ಒಳಜಾಲದ ರೆಪೊಸಿಟರಿ ಎಂಬ ಭಂಡಾರವೊಂದರಲ್ಲಿಟ್ಟು ನೋಡಿಕೊಳ್ಳುವ ಕೆಲಸ ನನ್ನದು. ಅಲ್ಲಿನ ಮೆಟಾಡೇಟಾವನ್ನು, ಅಂದರೆ ಪ್ಯಾಕೇಜ್‌ಗಳ ವಿವರಪಟ್ಟಿಯನ್ನು, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್ ಮೂಲಕ ಗಂಟೆಗೊಮ್ಮೆ ಮರುರಚಿಸುವ ಪದ್ಧತಿಯನ್ನು ನಾನು ಇಟ್ಟುಕೊಂಡಿಲ್ಲ. ಪ್ಯಾಕೇಜ್ ಕಡತಗಳಲ್ಲಿ ಏನಾದರೂ ಬದಲಾದಾಗ ಮಾತ್ರ, ಆದರೆ ಬದಲಾದಾಗಲೆಲ್ಲ ತಪ್ಪದೆ, ಮೆಟಾಡೇಟಾ ರಚಿಸುವ ಕ್ರಿಯೇಟ್‌ರೆಪೊ-ಸಿ ಉಪಕರಣವನ್ನು ಓಡಿಸುತ್ತೇನೆ. ಗಡಿಯಾರವನ್ನು ನಂಬಿದರೆ, ದೊಡ್ಡ ಪ್ಯಾಕೇಜೊಂದು ಇನ್ನೂ ಅರ್ಧ ನಕಲಾಗಿರುವಾಗಲೇ ಕೆಲಸ ಶುರುವಾಗುವ ಅಪಾಯವಿದೆ.

ಸೇರಿಸುವುದು, ತೆಗೆಯುವುದು ಇವೆರಡೇ ಬದಲಾವಣೆಗಳಲ್ಲ. ಇರುವ ಪ್ಯಾಕೇಜಿಗೆ ಹೊಸ ಕೀಲಿಯಿಂದ ಸಹಿ ಹಾಕಿದರೂ ಕಡತದ ಚೆಕ್‌ಸಮ್ (ಅದರ ಹೂರಣದಿಂದ ಲೆಕ್ಕಹಾಕಿದ ಗುರುತು) ಬದಲಾಗುತ್ತದೆ. ಮೆಟಾಡೇಟಾದಲ್ಲಿ ಹಳೆಯ ಚೆಕ್‌ಸಮ್ಮೇ ಉಳಿದಿದ್ದರೆ ಯಂತ್ರಗಳಲ್ಲಿ ಪ್ಯಾಕೇಜ್ ಅಳವಡಿಸುವ ಡಿಎನ್‌ಎಫ್ ಆ ಪ್ಯಾಕೇಜನ್ನು ಇಳಿಸಿಕೊಂಡ ಮೇಲೆ ತಿರಸ್ಕರಿಸುತ್ತದೆ. ಆದ್ದರಿಂದ ಮೊದಲು ಪ್ಯಾಕೇಜ್‌ಗಳಿಗೆ ಸಹಿ, ಆಮೇಲೆ ಮೆಟಾಡೇಟಾ, ಕಡೆಗೆ ಮೆಟಾಡೇಟಾ ಕಡತಗಳ ಸೂಚಿಯಾದ ರೆಪೊಎಂಡಿ ಕಡತಕ್ಕೆ ಸಹಿ. ಇದೇ ಕಾರಣಕ್ಕೆ, ಆವೃತ್ತಿ ಮತ್ತು ರಿಲೀಸ್ ಸಂಖ್ಯೆಯನ್ನು ಹಾಗೆಯೇ ಇಟ್ಟು ಒಳಗಿನ ಹೂರಣವನ್ನಷ್ಟೇ ಬದಲಿಸುವುದನ್ನು ನಾನು ಎಂದಿಗೂ ಒಪ್ಪುವುದಿಲ್ಲ. ರಿಲೀಸ್ ಸಂಖ್ಯೆ ಏರಲೇಬೇಕು.

ಪ್ರತಿ ಸಲವೂ ಎಲ್ಲ ಪ್ಯಾಕೇಜ್‌ಗಳನ್ನು ಮೊದಲಿನಿಂದ ಓದಬೇಕಾಗಿಲ್ಲ. ಕ್ರಿಯೇಟ್‌ರೆಪೊ-ಸಿಗೆ ಅಪ್‌ಡೇಟ್ ಆಯ್ಕೆ ಕೊಟ್ಟರೆ, ಗಾತ್ರವೂ ಮಾರ್ಪಾಡಿನ ಸಮಯವೂ ಹಿಂದಿನಂತೆಯೇ ಇರುವ ಕಡತಗಳ ವಿವರವನ್ನು ಹಳೆಯ ಮೆಟಾಡೇಟಾದಿಂದಲೇ ಎತ್ತಿಕೊಳ್ಳಲಾಗುತ್ತದೆ. ಹೀಗಾಗಿ ಆರ್‌ಸಿಂಕ್ ಎಂಬ ಉಪಕರಣದಿಂದ ಕಡತಗಳನ್ನು ನಕಲಿಸುವಾಗ ಸಮಯವನ್ನು ಕಾಪಾಡುವ ಆಯ್ಕೆಯನ್ನು ಬಿಡಬಾರದು, ಬಿಟ್ಟರೆ ಎಲ್ಲವೂ ಹೊಸದೆಂದು ಕಂಡು ಈ ಉಳಿತಾಯವೇ ಇಲ್ಲವಾಗುತ್ತದೆ. ಹಳೆಯ ಮೆಟಾಡೇಟಾದ ಮೇಲೆಯೇ ಸಂಶಯ ಬಂದಾಗ ಮಾತ್ರ ಪೂರ್ತಿ ಮರುರಚನೆಗೆ ಕೈಹಾಕುತ್ತೇನೆ.

ಹೆಚ್ಚು ಎಚ್ಚರ ಬೇಕಿರುವುದು ಪ್ರಕಟಿಸುವ ಕ್ರಮದಲ್ಲಿ. ಪ್ರೈಮರಿ, ಫೈಲ್‌ಲಿಸ್ಟ್ಸ್ ಮುಂತಾದ ಮೆಟಾಡೇಟಾ ಕಡತಗಳ ಹೆಸರಿನಲ್ಲೇ ಚೆಕ್‌ಸಮ್ ಇರುವುದರಿಂದ ಹಳೆಯವೂ ಹೊಸವೂ ಅಕ್ಕಪಕ್ಕದಲ್ಲಿ ಇರಬಲ್ಲವು. ಅವುಗಳತ್ತ ಬೆರಳು ತೋರುವ ರೆಪೊಎಂಡಿ ಕಡತದ ಹೆಸರು ಮಾತ್ರ ಸ್ಥಿರ. ಆದಕಾರಣ ಪ್ಯಾಕೇಜ್‌ಗಳನ್ನು ಮೊದಲು ಕಳಿಸಿ, ಮೆಟಾಡೇಟಾ ಕಡತಗಳನ್ನು ನಂತರ ಕಳಿಸಿ, ರೆಪೊಎಂಡಿ ಮತ್ತು ಅದರ ಸಹಿಯನ್ನು ಎಲ್ಲಕ್ಕಿಂತ ಕೊನೆಗೆ ಒಟ್ಟಿಗೆ ಬದಲಿಸುತ್ತೇನೆ. ತೆಗೆಯುವಾಗ ಇದರ ವಿರುದ್ಧ ಕ್ರಮ: ಮೆಟಾಡೇಟಾದಿಂದ ಹೆಸರು ಮೊದಲು ಹೋಗಬೇಕು, ಕಡತ ಆಮೇಲೆ. ಡಿಎನ್‌ಎಫ್ ತಾನು ಸಂಗ್ರಹಿಸಿಟ್ಟ ಮೆಟಾಡೇಟಾವನ್ನು ಪೂರ್ವನಿಯೋಜಿತವಾಗಿ 48 ಗಂಟೆ ನಂಬುವುದರಿಂದ, ಹಳೆಯ ಪ್ಯಾಕೇಜ್‌ಗಳನ್ನೂ ಹಳೆಯ ಮೆಟಾಡೇಟಾವನ್ನೂ 3 ದಿನ ಉಳಿಸಿಕೊಳ್ಳುತ್ತೇನೆ. ಭದ್ರತಾ ತಿದ್ದುಪಡಿಯೊಂದು ಅಂದೇ ಎಲ್ಲ ಯಂತ್ರಗಳಿಗೆ ತಲುಪಬೇಕಾದರೆ ಸರ್ವರಿನಲ್ಲಿ ಮರುರಚಿಸಿದರೆ ಸಾಲದು; ಆ ಯಂತ್ರಗಳಲ್ಲಿ ಮೆಟಾಡೇಟಾವನ್ನು ಹೊಸದಾಗಿ ತರಿಸುವ ರಿಫ್ರೆಶ್ ಆಯ್ಕೆಯೊಂದಿಗೆ ಡಿಎನ್‌ಎಫ್ ಓಡಿಸುವ ಏರ್ಪಾಡನ್ನೂ ಜೊತೆಯಲ್ಲೇ ಮಾಡುತ್ತೇನೆ.