ಹಳೆಗಾಲದ ಪ್ರೇಮಚಿತ್ರಕ್ಕೆ ನಾಯಕನನ್ನು ಆರಿಸುವುದು ಹೇಗೆ?

ಛಾಯಾಗ್ರಹಣ, ಸಂಗೀತ, ಸೆಟ್ಟು ಎಲ್ಲಕ್ಕೂ ಹೊಗಳಿಕೆ ಸಿಕ್ಕ ಚಿತ್ರವೂ ನಾಯಕ ಪಾತ್ರಕ್ಕೆ ಹೊಂದದಿದ್ದರೆ ಮನಸ್ಸಿಗೆ ತಟ್ಟುವುದಿಲ್ಲ. 1930ರ ದಶಕದ ಮಂಡ್ಯ, ಮೈಸೂರಿನ ಕಥೆ ಎಂದುಕೊಳ್ಳಿ. ಚಿತ್ರೀಕರಣಕ್ಕೆ ಎರಡು ತಿಂಗಳಾದರೂ ಮೊದಲೇ ನಟನಿಗೆ ಸ್ಕ್ರೀನ್ ಟೆಸ್ಟ್ (ಕ್ಯಾಮೆರಾ ಮುಂದಿನ ಪರೀಕ್ಷೆ) ಮಾಡಿ.

ಕಚ್ಚೆಪಂಚೆ, ಕೋಟು, ಪೇಟ ತೊಡಿಸಿ ಅರ್ಧ ದಿನ ಹಾಗೇ ಓಡಾಡಲು ಬಿಡಿ. ಮೆಟ್ಟಿಲು ಹತ್ತಲಿ, ಚಾಪೆಯ ಮೇಲೆ ಕೂತು ಏಳಲಿ, ಲೇಖನಿಯನ್ನು ಮಸಿಯಲ್ಲಿ ಅದ್ದಿ ಕಾಗದ ಬರೆಯಲಿ. ಜಿಮ್ಮಿನ ಹೆಗಲು, ತಿದ್ದಿದ ಹುಬ್ಬು ಇಲ್ಲೇ ಎದ್ದು ಕಾಣುತ್ತವೆ. ಹುಬ್ಬು ಮತ್ತೆ ಬೆಳೆಯುತ್ತದೆ. ನಡಿಗೆ ಅಷ್ಟು ಸುಲಭವಾಗಿ ಬದಲಾಗದು.

ಮಂಡ್ಯದ ಹಳ್ಳಿಯವನು ‘ಬತ್ತೀನಿ’ ಅನ್ನಬೇಕು, ಮೈಸೂರಿನ ಅಗ್ರಹಾರದವನು ‘ಬರ್ತೀನಿ’. ಡಬ್ಬಿಂಗ್‌ನಲ್ಲಿ ಸರಿಮಾಡೋಣ ಎಂದು ಬಿಡಬೇಡಿ. ದನಿ ಬದಲಿಸಬಹುದು, ಆದರೆ ಮುಖದ ಮೇಲಿನ ಉಸಿರು ಅದಕ್ಕೆ ಕೂಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಜೋಡಿಯ ಪರೀಕ್ಷೆ. ಮುಖವನ್ನು ಹತ್ತಿರದಿಂದ ತೋರಿಸುವ 85 ಎಂಎಂ ಲೆನ್ಸಿನಲ್ಲಿ, ಕತ್ತರಿಸದೆ, 90 ಸೆಕೆಂಡಿನ ಒಂದೇ ಶಾಟ್ ತೆಗೆಯಿರಿ: ನಾಯಕಿ ಮಾತಾಡುತ್ತಾಳೆ, ಇವನು ಕೇಳುತ್ತಾನೆ. ಅವಳ ಮಾತು ಇವನ ಕಣ್ಣಲ್ಲಿ ಕಾಣಬೇಕು. ತನ್ನ ಸಾಲಿಗೆ ಕಾಯುವಂತೆ ಕಂಡರೆ ಎಷ್ಟೇ ದೊಡ್ಡ ಹೆಸರಾದರೂ ಬೇಡ. ಅದೇ ದೃಶ್ಯವನ್ನು ಇನ್ನಿಬ್ಬರು ನಟರೊಂದಿಗೂ ತೆಗೆದು, ದನಿ ಮುಚ್ಚಿ, ಅಕ್ಕಪಕ್ಕ ಇಟ್ಟು ನೋಡಿ.

ಚಿತ್ರೀಕರಣ ಮುಗಿದೇ ಹೋಗಿದ್ದರೆ ಸಂಕಲನವೊಂದೇ ದಾರಿ. ಅವನ ಕ್ಲೋಸಪ್ ಕಡಿಮೆ ಮಾಡಿ, ಅವನ ಮಾತನ್ನು ನಾಯಕಿಯ ಮುಖದ ಮೇಲೆ ಓಡಿಸಿ.