ಅಯೋವಾದ ಅಜ್ಜಿಯ ತವರು ಹುಡುಕಿದ್ದು

ನನ್ನ ಅತ್ತೆಯವರದು ಅಮೆರಿಕದ ಅಯೋವಾದ ರೈತ ಮನೆತನ. ಅವರ ಅಜ್ಜಿಗೆ ಅಜ್ಜಿಯಾಗಿದ್ದವರ ತವರು ಯಾವುದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಅಜ್ಜಿಯ ಗಂಡನ ವಿಷಯ ಕೇಳಿ, ಎಲ್ಲರಿಗೂ ಬಾಯಿಪಾಠ. ಎಲ್ಲಿಂದ ಬಂದರು, ಎಷ್ಟು ಎಕರೆ ಕೊಂಡರು, ಯಾವ ದಂಡಿನಲ್ಲಿದ್ದರು, ಎಲ್ಲಾ ಹೇಳುತ್ತಾರೆ. ಅಜ್ಜಿಯದು ಸಮಾಧಿ ಕಲ್ಲಿನ ಮೇಲೆ ಒಂದು ಹೆಸರು, ಅದರ ಕೆಳಗೆ ‘ಇಂಥವರ ಹೆಂಡತಿ’. ಊರ ಪತ್ರಿಕೆಯಲ್ಲಂತೂ ಆ ಹೆಸರೂ ಇಲ್ಲ, ಮಿಸೆಸ್ ಅಂತ ಹಾಕಿ ಗಂಡನ ಹೆಸರು ಬರೆದುಬಿಟ್ಟಿದ್ದಾರೆ.

ಮೊದಲು ಜನಗಣತಿ ಹಿಡಿದೆ. ಅಮೆರಿಕದಲ್ಲಿ 1850ಕ್ಕೆ ಮುಂಚೆ ಮನೆ ಯಜಮಾನರ ಹೆಸರು ಮಾತ್ರ ಬರೆಯುತ್ತಿದ್ದರು. ಯಾರು ಯಾರಿಗೆ ಏನಾಗಬೇಕು ಅನ್ನುವುದು 1880ರಿಂದ ಸಿಗುತ್ತದೆ. 1890ರದ್ದು ಬಹುಪಾಲು ಉಳಿದೇ ಇಲ್ಲ, 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಹಾಳಾಯಿತು. ನನಗೆ ಇಷ್ಟವಾದದ್ದು 1900ರ ಗಣತಿ. ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಅಂತ ತಾಯಂದಿರನ್ನು ಕೇಳಿದ್ದಾರೆ. ಅಜ್ಜಿಯ ಸಾಲಿನಲ್ಲಿ 9 ಮತ್ತು 6. ತೀರಿಕೊಂಡ ಮೂವರಲ್ಲಿ ಒಬ್ಬ ಮಗ 1880ರ ಸಾವಿನ ಪಟ್ಟಿಯಲ್ಲಿ ಸಿಕ್ಕ. ಗಣತಿಗೆ ಹಿಂದಿನ ಒಂದು ವರ್ಷದಲ್ಲಿ ಸತ್ತವರನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದರು. ಕಾರಣ ಗಂಟಲುಮಾರಿ.

ಅದೇ ಕಾಲದ ಕೃಷಿ ಗಣತಿಯೂ ಇದೆ. ತವರು ಹುಡುಕಲು ಅದರಿಂದ ಏನೂ ಉಪಯೋಗವಿಲ್ಲ, ಆದರೂ ನೋಡದೆ ಬಿಡಬೇಡಿ. ರೈತನ ಹೆಸರಿನ ಮುಂದೆ ಎಕರೆ, ಹಸು, ಹಂದಿ, ಮುಸುಕಿನ ಜೋಳ, ಜೊತೆಗೆ ಆ ವರ್ಷ ಎಷ್ಟು ಪೌಂಡ್ ಬೆಣ್ಣೆ ಆಯಿತು ಅಂತಲೂ ಇರುತ್ತದೆ. ಬೆಣ್ಣೆ ಕಡೆದವರು ಯಾರು ಅಂತ ಹೇಳಬೇಕಾ? ಜನಗಣತಿಯಲ್ಲಿ ಅಜ್ಜಿಯ ಕೆಲಸದ ಕಾಲಂನಲ್ಲಿ ಮಾತ್ರ ಸುಮ್ನೆ ‘ಮನೆ ನೋಡಿಕೊಳ್ಳುತ್ತಾರೆ’ ಅಂತಿದೆ.

ಅಜ್ಜಿಯನ್ನು ಬಿಟ್ಟು ಮಕ್ಕಳ ಹಿಂದೆ ಹೋದಾಗ ದಾರಿ ತೆರೆಯಿತು. ಅಯೋವಾ ರಾಜ್ಯ ತನ್ನದೇ ಗಣತಿಯನ್ನೂ ಮಾಡಿಸುತ್ತಿತ್ತು. 1925ರದ್ದರಲ್ಲಿ ಪ್ರತಿಯೊಬ್ಬರ ತಂದೆಯ ಹೆಸರು, ತಾಯಿಯ ಮದುವೆಗೆ ಮುಂಚಿನ ಹೆಸರು ಎರಡನ್ನೂ ಕೇಳಿದ್ದಾರೆ. ಅಜ್ಜಿಯ ಹಿರಿಯ ಮಗಳು ಆಗಿನ್ನೂ ಇದ್ದರು. ಅವರ ಸಾಲಿನಲ್ಲಿ ತವರಿನ ಹೆಸರು ಸಿಕ್ಕಿತು.

ಅಷ್ಟಕ್ಕೇ ಕುಣಿಯುವ ಹಾಗಿಲ್ಲ. ಗಣತಿಗಳೆಲ್ಲ ಅಜ್ಜಿ ಹುಟ್ಟಿದ್ದು ಓಹಾಯೋ ರಾಜ್ಯದಲ್ಲಿ ಅನ್ನುತ್ತವೆ. 1850ರ ಓಹಾಯೋದಲ್ಲಿ ಅದೇ ಹೆಸರಿನ, ಅದೇ ವಯಸ್ಸಿನ ಹುಡುಗಿಯರು ಬೇಕಾದಷ್ಟು. ಆನ್‌ಲೈನ್ ವಂಶವೃಕ್ಷಗಳಲ್ಲಿ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಎತ್ತಿಕೊಂಡಿರುವುದೇ ಜಾಸ್ತಿ. ಅದನ್ನು ನಾನು ಪುರಾವೆ ಅಂತ ಒಪ್ಪುವುದಿಲ್ಲ.

ಗಟ್ಟಿ ಪುರಾವೆ ಸಿಕ್ಕಿದ್ದು ದುಡ್ಡಿನ ಕಾಗದಗಳಲ್ಲಿ. ಅಜ್ಜಿಯ ಗಂಡ ಅಂತರ್ಯುದ್ಧದಲ್ಲಿ ಸೈನಿಕ. 1890ರ ಕಾನೂನಿನ ಪ್ರಕಾರ ಅಂಥವರ ವಿಧವೆಗೆ ತಿಂಗಳಿಗೆ 8 ಡಾಲರ್ ಪಿಂಚಣಿ. ಆದರೆ ಮದುವೆ ಆಗಿದ್ದು ನಿಜ, ಕೂಲಿ ಬಿಟ್ಟರೆ ಬೇರೆ ಗತಿಯಿಲ್ಲ ಅಂತ ತೋರಿಸಬೇಕಿತ್ತು. ರಾಷ್ಟ್ರೀಯ ಪತ್ರಾಗಾರದಿಂದ ಆ ಕಡತದ ನಕಲು ತರಿಸಿಕೊಂಡೆ. ಓಹಾಯೋದ ಮದುವೆ ದಾಖಲೆ, ಮಕ್ಕಳು ಹುಟ್ಟಿದ ತಾರೀಖುಗಳು, ಹೆರಿಗೆಗೆ ಬಂದಿದ್ದ ನೆರೆಯಾಕೆಯ ಹೇಳಿಕೆ, ಎಲ್ಲಾ ಅದರಲ್ಲಿತ್ತು. ‘ಅಕ್ಕನ ಮದುವೆಯಲ್ಲಿ ನಾನಿದ್ದೆ’ ಅಂತ ಪ್ರಮಾಣ ಮಾಡಿದ ತಮ್ಮನೂ ಸಿಕ್ಕ. ಆತನ ಹೆಸರು ಹಿಡಿದು ಹೋದರೆ 1850ರ ಓಹಾಯೋದಲ್ಲಿ ಒಂದೇ ಮನೆಯಲ್ಲಿ ಅಕ್ಕ, ತಮ್ಮ ಇಬ್ಬರೂ ಇದ್ದಾರೆ. ಆ ಮನೆ ಯಜಮಾನರ ಉಯಿಲು ಅದೇ ಕೌಂಟಿಯ ಕೋರ್ಟ್ ಪುಸ್ತಕದಲ್ಲಿತ್ತು. ಅಯೋವಾದಲ್ಲಿರುವ ಮಗಳಿಗೆ ಇಷ್ಟು ಅಂತ ಗಂಡನ ಮನೆತನದ ಹೆಸರು ಸಮೇತ ಬರೆಸಿದ್ದರು. ಅಲ್ಲಿಗೆ ನನ್ನ ಅನುಮಾನ ತೀರಿತು.

ಈಗ ಅಜ್ಜಿಯ ತಾಯಿಯ ತವರು ಹುಡುಕುತ್ತಿದ್ದೇನೆ. ಇದು ಇನ್ನೂ ಕಷ್ಟ. 1840ರ ಗಣತಿಯಲ್ಲಿ ಆಕೆ ವಯಸ್ಸಿನ ಕಾಲಂನಲ್ಲಿ ಬರೀ ಒಂದು ಅಂಕಿ. ಅದಕ್ಕೇ ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ಜಾಲತಾಣದಲ್ಲಿ ಓಹಾಯೋದ ಹಳೆಯ ಕ್ರಯಪತ್ರಗಳನ್ನು ಒಂದೊಂದೇ ಹಾಳೆ ತಿರುವುತ್ತಿದ್ದೇನೆ. ಗಂಡ ಜಮೀನು ಮಾರಿದರೆ ಹೆಂಡತಿ ಅದರಲ್ಲಿ ತನಗಿದ್ದ ಹಕ್ಕು ಬಿಟ್ಟುಕೊಡಬೇಕಿತ್ತು. ಗಂಡನನ್ನು ದೂರ ಇಟ್ಟು, ನಿನ್ನ ಇಷ್ಟದಿಂದಲೇ ಅಲ್ವಾ ಅಂತ ಆಕೆಯನ್ನು ಬೇರೆಯಾಗಿ ಕೇಳಿ ಬರೆದುಕೊಳ್ಳುತ್ತಿದ್ದರು. ತವರಿನ ಆಸ್ತಿಯಲ್ಲಿ ಪಾಲು ಬಂದಿದ್ದರೆ ಅಣ್ಣತಮ್ಮಂದಿರ ಹೆಸರೂ ಅಲ್ಲೇ ಸಿಗಬಹುದು.